ಅಪ್‌ಡೇಟ್: ಮಳೆಗಾಲ ದಾಟಿದ ತುಡುವೆ ಪೆಟ್ಟಿಗೆಗಳು

ಶಿರಸಿ ಸಮೀಪದ ನಮ್ಮ ಅಡಿಕೆ ತೋಟದ ನಾಲ್ಕು ತುಡುವೆ ಜೇನು (ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು) ಪೆಟ್ಟಿಗೆಗಳು ಒಳಗಿನ ಜೇನಿನ ದಾಸ್ತಾನು ಕಡಿಮೆಯಾಗಿ ಹಗುರಾಗಿವೆ, ಎಡೆಬಿಡದ ಮಳೆಯಲ್ಲಿ ಅವನ್ನು ತೆರೆಯಬಹುದೇ ಎಂದು ಜೂನ್ ಕೊನೆಯಲ್ಲಿ ಕೇಳಿದ್ದೆ. ತೆರೆಯುವ ಮೊದಲು ಪೆಟ್ಟಿಗೆಯ ಹಿಂಬದಿಯನ್ನು ತುಸು ಎತ್ತಿ ತೂಕ ಅಂದಾಜಿಸಬೇಕು, ಮಳೆ ಬಿಟ್ಟ ಸಂಜೆ ಮಾತ್ರ ಆಹಾರ ಕೊಡಬೇಕು ಎಂದು ಹಿರಿಯರೊಬ್ಬರು ತಿಳಿಸಿದ್ದರು.

ಅದರಂತೆ 1 ಕಿಲೋ ಸಕ್ಕರೆಗೆ 1 ಲೀಟರ್ ನೀರು ಸೇರಿಸಿ ಕಾಯಿಸಿ ಆರಿಸಿದ ಪಾಕವನ್ನು ತೆಂಗಿನ ಗೆರಟೆಯಲ್ಲಿ ಹಾಕಿ, ಹುಳುಗಳು ಮುಳುಗದಂತೆ ಅದರಲ್ಲಿ ಸಣ್ಣ ಕಡ್ಡಿಗಳನ್ನಿಟ್ಟು, ವಾರಕ್ಕೆರಡು ಬಾರಿ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಹೊತ್ತಿಗೆ ಕೊಟ್ಟೆ. ಒಂದಕ್ಕೆ ಮಾತ್ರ ಕೊಟ್ಟರೆ ಉಳಿದ ಪೆಟ್ಟಿಗೆಗಳ ಜೇನು ಕುಟುಂಬಗಳು ಅದನ್ನು ಲೂಟಿ ಮಾಡುತ್ತವೆ ಎಂಬುದನ್ನು ಮೊದಲ ವಾರದ ನನ್ನ ಜಿಪುಣತನವೇ ಕಲಿಸಿತು. ಹುಳು ಕೂರದ ಖಾಲಿ ಎರಿಗಳನ್ನು (ಜೇನುಹುಳುಗಳು ಕಟ್ಟುವ ಮೇಣದ ಹಲ್ಲೆಗಳನ್ನು) ತೆಗೆದಿದ್ದರಿಂದ ಮೂರು ಪೆಟ್ಟಿಗೆಗಳಿಗೆ ಮೇಣದ ಪತಂಗದ (ಮರಿಗಳು ಎರಿ ತಿನ್ನುವ ಪತಂಗ) ಕಾಟವಿರಲಿಲ್ಲ.

ನಾಲ್ಕನೆಯದು ಉಳಿಯಲಿಲ್ಲ. ಅದರ ಕಾಲುಗಳ ಕೆಳಗಿನ ಬಟ್ಟಲುಗಳಲ್ಲಿ ನೀರು ತುಂಬಿತ್ತಾದರೂ, ಪಕ್ಕದ ಕಾಫಿ ಗಿಡದ ರೆಂಬೆಯೊಂದು ಪೆಟ್ಟಿಗೆಗೆ ತಾಗಿಕೊಂಡಿದ್ದುದನ್ನು ನಾನು ಗಮನಿಸಲಿಲ್ಲ; ಇರುವೆಗಳು ಅದನ್ನೇ ಸೇತುವೆ ಮಾಡಿಕೊಂಡವು. ಆಗಸ್ಟ್‌ನಲ್ಲಿ ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಯಿತು.

ಈಗ ನಾಚಿಕೆ ಮುಳ್ಳಿನ ಹೂಗಳಿಂದ ಪರಾಗ ಬರುತ್ತಿದೆ, ಮೂರೂ ರಾಣಿಗಳು ಮೊಟ್ಟೆಯಿಡುತ್ತಿವೆ. ಎರಿಯ ಮೇಲಂಚಿನಲ್ಲಿ ಮೇಣದಿಂದ ಮುಚ್ಚಿದ ಜೇನು ಕಾಣುವವರೆಗೆ ಪಾಕ ಮುಂದುವರಿಸುತ್ತೇನೆ. ಜೇನು ಕೋಣೆಯನ್ನು (ಜೇನು ತುಂಬಲು ಮೇಲೆ ಇಡುವ ಪೆಟ್ಟಿಗೆ) ಅದಾದ ಮೇಲೆಯೇ ಏರಿಸುವೆ.