ಅರ್ಥವಿಲ್ಲದ ಬ್ರಾಂಡ್ ಹೆಸರನ್ನು ಕನ್ನಡದಲ್ಲಿ ಏನೆನ್ನಬೇಕು?

ಶಿರಸಿ ಸಮೀಪದ ನಮ್ಮ ಮನೆಗೆ ಕಳೆದ ತಿಂಗಳು ಆನ್‌ಲೈನಿನಲ್ಲಿ ತರಿಸಿದ, ತಲೆಗೆ ಕಟ್ಟಿಕೊಳ್ಳುವ ಬ್ಯಾಟರಿಯೊಂದು ಬಂದಿತು. ರಾತ್ರಿ ತೋಟಕ್ಕೆ ಹಂದಿ ಕಾಯಲು ಹೋಗುವಾಗ ಎರಡೂ ಕೈ ಖಾಲಿ ಇರಲಿ ಎಂದು ತರಿಸಿದ್ದು. ಡಬ್ಬಿಯ ಮೇಲೆ ಏಳು ದೊಡ್ಡ ಇಂಗ್ಲಿಷ್ ಅಕ್ಷರಗಳಿದ್ದವು. ಏಳರಲ್ಲಿ ಸ್ವರವೆಂಬುದು ಒಂದೇ ಒಂದು. ಹಳೆಯ ಕಾಲದ ಮೆಟ್ರಿಕ್ ಓದಿರುವ ಅಮ್ಮ ಡಬ್ಬಿಯನ್ನು ದೀಪದ ಹತ್ತಿರ ಹಿಡಿದು, “ಇದೆಂತ ಹೆಸ್ರೋ ತಮಾ, ಓದಲೇ ಬತ್ತಿಲ್ಲೆ” ಎಂದರು. ನನಗೂ ಓದಲು ಬರಲಿಲ್ಲ. ಅಮೆರಿಕದ ಅಮೆಜಾನಿನಲ್ಲಿ ಕೈಗವಸು ಹುಡುಕಿದವರಿಗೆ ರಿವ್‌ಮೌಂಟ್, ಫ್ರೆಟ್ರೀ, ಎಂಎಜೆಸಿಎಫ್ ಎಂಬಂಥ ಹೆಸರುಗಳು ಎದುರಾಗಿರುವುದನ್ನು ಓದಿದ್ದೇನೆ. ಇಂಥ ಹೆಸರುಗಳನ್ನು ಒಟ್ಟಾಗಿ ಕರೆಯಲು ಕನ್ನಡದಲ್ಲಿ ಯಾವ ಪದ ಸಲ್ಲುತ್ತದೆ ಎಂಬುದು ನನ್ನ ಪ್ರಶ್ನೆ.

‘ಅರ್ಥಹೀನ ಹೆಸರು’ ಎಂದರೆ ಮುಗಿಯಿತಲ್ಲ ಎಂದು ಕೆಲವರು ಹೇಳಬಹುದು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ‘ಅರ್ಥಹೀನ’ ಎನ್ನುವಾಗ ಇರಬೇಕಾದ ಅರ್ಥ ಇಲ್ಲವೆಂಬ ಆಕ್ಷೇಪ ಅದರಲ್ಲಿ ಸೇರಿರುತ್ತದೆ. ಇಲ್ಲಿಯಾದರೋ ಅರ್ಥ ಇರಕೂಡದೆಂದೇ ಹೆಸರನ್ನು ಕಟ್ಟಿರುತ್ತಾರೆ. ಅಮೆಜಾನಿನ ಬ್ರಾಂಡ್ ನೋಂದಣಿಗೆ ಸೇರಿ, ತಮ್ಮ ಸರಕಿನ ಪುಟದ ಮೇಲೆ ಹಿಡಿತ ಪಡೆಯಬೇಕೆನ್ನುವ ಮಾರಾಟಗಾರರಿಗೆ ವ್ಯಾಪಾರಮುದ್ರೆ (ಟ್ರೇಡ್‌ಮಾರ್ಕ್) ಬೇಕಾಗುತ್ತದೆ. ಚೀನಾದ ಶೆನ್‌ಜೆನ್ ಮೊದಲಾದ ಕಡೆಗಳಿಂದ ಮಾರುವ ಸಾವಿರಾರು ಮಂದಿ ಅದಕ್ಕಾಗಿಯೇ ಅಮೆರಿಕದ ವ್ಯಾಪಾರಮುದ್ರೆ ಕಚೇರಿಗೆ ಅರ್ಜಿ ಹಾಕುತ್ತಾರೆ. ಸರಕಿನ ಗುಣವನ್ನೋ ಬಗೆಯನ್ನೋ ನೇರವಾಗಿ ಹೇಳುವ ಪದಕ್ಕೆ ಅಲ್ಲಿ ಮುದ್ರೆ ಸಿಗುವುದು ಕಷ್ಟ. ನಮ್ಮ 1999ರ ವ್ಯಾಪಾರಮುದ್ರೆ ಕಾಯಿದೆಯ 9ನೆಯ ಕಲಮು ಕೂಡ ಬರಿಯ ವರ್ಣನೆಯ ಪದಗಳನ್ನು ತಡೆಯುತ್ತದೆ. ಚೆಂದದ ಪದಗಳನ್ನು ಮೊದಲೇ ಯಾರೋ ಹಿಡಿದಿಟ್ಟಿರುತ್ತಾರೆ. ಹಾಗಾಗಿ ಯಾವ ನಿಘಂಟಿನಲ್ಲಿಯೂ ಇಲ್ಲದ, ಯಾರ ಹೆಸರಿಗೂ ತಾಗದ ಅಕ್ಷರಗಳ ಗೊಂಚಲೇ ಎಲ್ಲಕ್ಕಿಂತ ಬೇಗ ದಡ ಸೇರುತ್ತದೆ. ಆ ಅರ್ಜಿಗಳಲ್ಲಿ ‘ಈ ಪದಕ್ಕೆ ಪರಭಾಷೆಯಲ್ಲಿ ಯಾವ ಅರ್ಥವೂ ಇಲ್ಲ’ ಎಂಬ ಹೇಳಿಕೆಯೊಂದು ದಾಖಲಾಗುವುದುಂಟು. ಅರ್ಥವಿಲ್ಲವೆಂಬುದನ್ನು ಸರಕಾರಿ ಕಡತದಲ್ಲಿ ಬರೆದುಕೊಡುವ ಇಂಥ ಪದ್ಧತಿ ಬೇರೆಲ್ಲಿಯಾದರೂ ಇದೆಯೋ ಕಾಣೆ.

ಹೆಸರನ್ನು ಶೂನ್ಯದಿಂದ ಕಟ್ಟುವುದು ಹೊಸತೇನಲ್ಲ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ನೋಂದಾಯಿಸಿದ ‘ಕೊಡಾಕ್’ ಎಂಬುದಕ್ಕೂ ಅರ್ಥವಿರಲಿಲ್ಲ. ಆದರೆ ಅದನ್ನು ಬಾಯಿಯಲ್ಲಿ ಹೇಳಲು ಬರುತ್ತಿತ್ತು, ಒಮ್ಮೆ ಕೇಳಿದರೆ ನೆನಪಿನಲ್ಲಿ ಉಳಿಯುತ್ತಿತ್ತು. ಈಗಿನವು ಹಾಗಲ್ಲ. ಕೊಳ್ಳುವವನು ಹೆಸರು ಹೇಳಿ ಕೇಳುವುದೇ ಇಲ್ಲ, ಚಿತ್ರವನ್ನೂ ಬೆಲೆಯನ್ನೂ ನೋಡಿ ಒತ್ತುತ್ತಾನೆ.

ಸಂಸ್ಕೃತ ವೈಯಾಕರಣರಲ್ಲಿ ಇದಕ್ಕೊಂದು ಸಿದ್ಧ ಪದವಿದೆ. ಶಬ್ದಗಳನ್ನು ಜಾತಿ, ಗುಣ, ಕ್ರಿಯೆ, ಯದೃಚ್ಛೆ ಎಂದು ನಾಲ್ಕಾಗಿ ವಿಂಗಡಿಸಿದ ಪತಂಜಲಿಯು ಯದೃಚ್ಛಾಶಬ್ದಕ್ಕೆ ಕೊಟ್ಟ ಉದಾಹರಣೆ ‘ಡಿತ್ಥ’, ಅಂದರೆ ಇಟ್ಟವನ ಇಷ್ಟವೊಂದನ್ನು ಬಿಟ್ಟರೆ ಮತ್ತಾವ ಕಾರಣವೂ ಇಲ್ಲದ ಹೆಸರು. ಡಿತ್ಥನನ್ನು ಇಂದು ಜಾಲದ ಅಂಗಡಿಯಲ್ಲಿಟ್ಟರೆ ಚಾರ್ಜರಿನ ಹೆಸರೆಂದೇ ಜನ ತಿಳಿದಾರು! ಪದವೇನೋ ಸರಿಯಾಗಿಯೇ ಹೊಂದುತ್ತದೆ, ಆದರೆ ‘ಯದೃಚ್ಛಾನಾಮ’ ಎಂದು ಪತ್ರಿಕೆಯಲ್ಲಿ ಬರೆದರೆ ಓದುಗನು ಮತ್ತೊಂದು ನಿಘಂಟು ತೆರೆಯಬೇಕಾಗುತ್ತದೆ.

ನಮ್ಮ ಶಾಲಾ ವ್ಯಾಕರಣದ ರೂಢನಾಮ, ಅನ್ವರ್ಥನಾಮ, ಅಂಕಿತನಾಮಗಳಲ್ಲಿ ಕೊನೆಯದು ನನಗೆ ಹೆಚ್ಚು ಹತ್ತಿರವೆನ್ನಿಸುತ್ತದೆ. ಅಂಕಿತವೆಂದರೆ ಗುರುತು ಒತ್ತಿದ್ದು, ವ್ಯಾಪಾರಮುದ್ರೆಯೂ ಅದೇ. ಆದರೆ ಇಲ್ಲಿಯೇ ನನಗೆ ತೊಡಕು. ‘ಕೂಡಲಸಂಗಮದೇವ’ ಎಂದೊಡನೆ ವಚನ ಬಸವಣ್ಣನವರದೆಂದೂ ‘ಪುರಂದರವಿಠಲ’ ಎಂದೊಡನೆ ಪದ ಪುರಂದರದಾಸರದೆಂದೂ ತಿಳಿಯುತ್ತದೆ. ಕರಾವಳಿಯ ಹಳೆಯ ಮನೆಗಳ ಮಂಗಳೂರು ಹಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರೂ ಊರೂ ಅಚ್ಚೊತ್ತಿರುತ್ತವೆ. ಒಡೆದ ಹಂಚಿನ ಜೋಡಿಯನ್ನು ಅದೇ ಗುರುತು ಹಿಡಿದು ಹುಡುಕುವವರನ್ನು ನಾನೇ ಕಂಡಿದ್ದೇನೆ. ಅಂಕಿತದ ಕೆಲಸ ಒಡೆಯನನ್ನು ತೋರಿಸುವುದು. ನಮ್ಮ ಬ್ಯಾಟರಿಯ ಏಳಕ್ಷರ ಯಾರನ್ನೂ ತೋರಿಸುವುದಿಲ್ಲ. ಅದೇ ರೂಪದ, ಅದೇ ಗುಂಡಿಯ ಬ್ಯಾಟರಿ ಬೇರೆ ನಾಲ್ಕು ಹೆಸರುಗಳಲ್ಲಿಯೂ ಸಿಗುತ್ತದೆ.

ಆದುದರಿಂದ ‘ಬರಿಯಂಕಿತ’ ಎಂಬ ಪದವನ್ನು ಯೋಚಿಸಿದ್ದೇನೆ: ಗುರುತು ಇದೆ, ಅದರ ಹಿಂದೆ ಏನೂ ಇಲ್ಲ. ‘ಪೊಳ್ಳಂಕಿತ’ವೂ ಆಗಬಹುದಾದರೂ ಅದರಲ್ಲಿ ಬೈಗುಳದ ದನಿ ಇದೆ, ಸರಕು ಕೆಟ್ಟದ್ದೆಂಬ ತೀರ್ಪೂ ಸೇರಿಕೊಳ್ಳುತ್ತದೆ. ನಮ್ಮ ಬ್ಯಾಟರಿಯೇನೋ ಇದುವರೆಗೆ ಚೆನ್ನಾಗಿಯೇ ಉರಿಯುತ್ತಿದೆ.

ಇನ್ನೊಂದು ಸಣ್ಣ ಸಂದೇಹ ಬರವಣಿಗೆಯದು. ಸ್ವರವೇ ಅಪರೂಪವಾದ ಇಂಥ ಹೆಸರನ್ನು ಕನ್ನಡದಲ್ಲಿ ಬರೆಯುವಾಗ ಇಂಗ್ಲಿಷ್ ಅಕ್ಷರಗಳ ಹೆಸರನ್ನೇ ಸಾಲಾಗಿ ಬರೆಯಬೇಕೋ, ಅಥವಾ ಬಸ್ಸು, ಪೆನ್ನುಗಳ ಕೊನೆಗೆ ಸ್ವರ ಸೇರಿಸಿದಂತೆ ಇಲ್ಲಿ ನಡುವೆಯೂ ಕೊನೆಗೂ ಸ್ವರ ಸೇರಿಸಿ ನಾಲಗೆಗೆ ಒಗ್ಗಿಸಿಕೊಳ್ಳಬೇಕೋ? ಮೊದಲನೆಯದಕ್ಕೆ ವಿಭಕ್ತಿ ಹಚ್ಚುವುದು ಮುಜುಗರದ ಕೆಲಸ, ಎರಡನೆಯದರಲ್ಲಿ ಮೂಲದ ಗುರುತೇ ಅಳಿಯುತ್ತದೆ. ಕಾರವಾರ, ಕುಮಟೆಗಳ ಪೇಟೆಯಲ್ಲಿ ಇಂಥ ಸರಕಿಗೆ ಆಡುಮಾತಿನ ಪದವೊಂದು ಆಗಲೇ ಹುಟ್ಟಿಕೊಂಡಿದ್ದರೆ, ಅದು ಕೊಂಕಣಿಯದಾದರೂ ಸರಿಯೇ, ಬಲ್ಲವರು ತಿಳಿಸಬೇಕು. ಆಗ ನನ್ನ ‘ಬರಿಯಂಕಿತ’ವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.