ಜೀಪಿಗೆ ಹ್ಯಾಮ್ ರೇಡಿಯೋ: ಘಟ್ಟದ ದಾರಿಗೆ ಯಾವ ಸೆಟ್ ಒಳ್ಳೇದು?

ಕಾರ್ಕಳ_ಜೀಪು:
ಹ್ಯಾಮ್ ಲೈಸೆನ್ಸ್ ಬಂದಿದೆ, ಕಾಲ್‌ಸೈನ್ (ರೇಡಿಯೋದಲ್ಲಿ ಹೇಳುವ ಗುರುತು) ವಿಯು3ರಿಂದ ಶುರು, ಅಂದರೆ ರಿಸ್ಟ್ರಿಕ್ಟೆಡ್ ಗ್ರೇಡ್. ಮಂಗಳೂರಿನಿಂದ ಚಾರ್ಮಾಡಿ ಹತ್ತಿ ಮೂಡಿಗೆರೆ, ಕಳಸ ಕಡೆಯ ಎಸ್ಟೇಟ್ ರಸ್ತೆಗಳಲ್ಲಿ ನಾಲ್ಕು ಗಾಡಿ ಒಟ್ಟಿಗೆ ಹೋಗುವುದು. ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಗಾಡಿಯಿಂದ ಗಾಡಿಗೆ ಮಾತಾಡಬೇಕು, ತುರ್ತಿಗೆ ಕರಾವಳಿಗೂ ಸುದ್ದಿ ಮುಟ್ಟಬೇಕು. ಯಾಯೆಸು ಕಂಪನಿಯ, ಹತ್ತಿರದ ಮಾತಿನ ಎಫ್‌ಟಿಎಂ-6000 ಸೆಟ್ ಸಾಕಾ, ದೂರಕ್ಕೆ ಮುಟ್ಟುವ ಶಾರ್ಟ್‌ವೇವ್ ಸೆಟ್ ಎಫ್‌ಟಿ-891 ಬೇಕಾ? ಗಾಡಿಯ ಟಾಪ್ ಫೈಬರಿನದ್ದು.

ಮಲ್ಪೆ_ಅಲೆ:
ಎರಡು ಕೆಲಸಕ್ಕೆ ಒಂದೇ ಸೆಟ್ ಹುಡುಕಬೇಡಿ ಮಾರಾಯ್ರೆ. ಗಾಡಿಯಿಂದ ಗಾಡಿಗೆ ಎರಡು ಮೀಟರ್ ಬ್ಯಾಂಡ್, ಅಂದರೆ 144ರಿಂದ 146 ಮೆಗಾಹರ್ಟ್ಸ್. ಅದಕ್ಕೆ 6000 ಚೆನ್ನಾಗಿಯೇ ಉಂಟು. ಮುಖ ಬಿಚ್ಚಿ ಡ್ಯಾಶಿಗೆ ಹಾಕಬಹುದು, ಡಬ್ಬವನ್ನು ಸೀಟಿನ ಹಿಂದೆ ಎತ್ತರದಲ್ಲಿ ಕೂರಿಸಿ. ಸೀಟಿನಡಿ ಬೇಡ, ಹಳ್ಳ ದಾಟುವಾಗ ನೀರು ಮೊದಲು ನುಗ್ಗುವುದು ಅಲ್ಲಿಗೇ.

ವಾಟ್ ಲೆಕ್ಕಕ್ಕೆ ಮರುಳಾಗಬೇಡಿ. 25ರಿಂದ 50ಕ್ಕೆ ಏರಿಸಿದರೆ ಸಿಗುವುದು 3 ಡೆಸಿಬೆಲ್, ಸಿಗ್ನಲ್ ಬಲ ತೋರಿಸುವ ಎಸ್ ಮೀಟರಿನಲ್ಲಿ ಅರ್ಧ ಗೆರೆ. ನಡುವೆ ಗುಡ್ಡ ಬಂದರೆ ಎರಡಕ್ಕೂ ಒಂದೇ ಗತಿ. ನಾಲ್ಕು ಗಾಡಿಗೆ 5 ವಾಟ್ ಧಾರಾಳ. ದುಡ್ಡು ಆಂಟೆನಾಕ್ಕೆ ಹಾಕಿ.

ಕಾಲು ತರಂಗದ ಕಡ್ಡಿ (ಅಲೆಯ ಉದ್ದದ ಕಾಲು ಭಾಗದ ಆಂಟೆನಾ) ಸುಮಾರು 49 ಸೆಂ.ಮೀ. ಅದರಡಿ ಲೋಹದ ಹಾಸು ಬೇಕೇ ಬೇಕು, ಫೈಬರ್ ಟಾಪಿನ ಮೇಲೆ ಅದು ಕೆಲಸ ಮಾಡುವುದಿಲ್ಲ. ಬಾನೆಟ್ ಹಿಂಜಿನ ಹತ್ತಿರ ಎಲ್ ಬ್ರಾಕೆಟ್ ಹಾಕಿ, ಇಲ್ಲವೇ ಕ್ಯಾರಿಯರ್ ಮೇಲೆ ಹಾಸು ಬೇಡದ ಅರ್ಧ ತರಂಗದ ಆಂಟೆನಾ, ಸುಮಾರು 1 ಮೀಟರಿನದ್ದು. ಬ್ರಾಕೆಟ್ ಕೂರುವಲ್ಲಿ ಪೇಂಟ್ ಕೆರೆದು ಹೊಳೆಯುವ ಲೋಹ ಕಾಣಬೇಕು. ಆಮೇಲೆ ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಶಕ್ತಿ ಎಷ್ಟು ವಾಪಸ್ ಬರುತ್ತದೆ ಎನ್ನುವ ಅಳತೆ) ನೋಡಿ. 144ರಲ್ಲಿ ಕಡಿಮೆ, 146ರಲ್ಲಿ ಜಾಸ್ತಿ ಬಂದರೆ ಕಡ್ಡಿ ಉದ್ದವಾಗಿದೆ ಅಂತ ಲೆಕ್ಕ. ಒಮ್ಮೆಗೆ 2 ಮಿ.ಮೀ. ಮಾತ್ರ ಕತ್ತರಿಸಿ, 1.5ರ ಒಳಗೆ ಬಂದರೆ ನಿಲ್ಲಿಸಿ.

ಕಾರ್ಕಳ_ಜೀಪು:
ಮ್ಯಾಗ್ನೆಟ್ ಮೌಂಟ್ ಬಾನೆಟ್ ಮೇಲೆ ಇಟ್ಟರೆ? ಪವರ್ ಸಿಗರೇಟ್ ಸಾಕೆಟ್ಟಿನಿಂದ ಆಗದಾ?

ಕೊಟ್ಟಾರ_ವಯರಿಂಗ್:
ಎರಡೂ ಬೇಡ. ಮ್ಯಾಗ್ನೆಟ್ ಕಾಫಿ ಗಿಡದ ಕೊಂಬೆ ತಾಗಿದರೆ ಬೀಳುತ್ತದೆ, ಅಡಿಯಲ್ಲಿ ಸೇರಿದ ಮುರಕಲ್ಲಿನ ಧೂಳು ಪೇಂಟನ್ನು ಅರೆಯುತ್ತದೆ.

50 ವಾಟ್ ಬಿಡುವಾಗ ಸೆಟ್ ಸುಮಾರು 11 ಆಂಪಿಯರ್ ಎಳೆಯುತ್ತದೆ. ಸಾಕೆಟ್ಟಿನ ಸಪೂರ ವಯರಿನಲ್ಲಿ ವೋಲ್ಟೇಜ್ ಕುಸಿದು, ಮಾತು ನಡುವೆಯೇ ಸೆಟ್ ಆಫ್ ಆಗುತ್ತದೆ. ಬ್ಯಾಟರಿಯಿಂದಲೇ ನೇರ ಎಳೆಯಿರಿ. 5 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ತಾಮ್ರ ಹಾಕಿದರೆ ಹೋಗಿ ಬರುವಷ್ಟರಲ್ಲಿ 1.3 ವೋಲ್ಟ್ ನಷ್ಟ. 4 ಚದರ ಮಿ.ಮೀ. ಹಾಕಿದರೆ ಅರ್ಧ ವೋಲ್ಟಿನಷ್ಟೇ. ಪಾಸಿಟಿವ್‌ಗೆ 15 ಆಂಪಿಯರ್ ಫ್ಯೂಸ್, ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಫ್ಯೂಸ್ ಸೆಟ್ಟಿನ ಬದಿಗಿದ್ದರೆ, ಬಾನೆಟ್ ಒಳಗೆ ವಯರ್ ಉಜ್ಜಿ ಬಾಡಿಗೆ ತಾಗಿದ ದಿನ ವಯರೇ ಉರಿಯುತ್ತದೆ. ನೆಗೆಟಿವ್ ಟರ್ಮಿನಲ್ಲಿನಲ್ಲಿ ಬ್ಯಾಟರಿ ಸೆನ್ಸರ್ ಇದ್ದರೆ ಅದರ ಮೇಲೆ ಕಟ್ಟಬೇಡಿ, ಬ್ಯಾಟರಿ ಅರ್ತ್ ಆಗುವ ಚಾಸಿ ಬೋಲ್ಟಿಗೆ ಕೊಡಿ.

ಇನ್ನೊಂದು, ನಮ್ಮ ಉಪ್ಪು ಗಾಳಿ. ಕನೆಕ್ಟರ್ ಮೇಲೆ ತನ್ನಷ್ಟಕ್ಕೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಕೆರೆದ ಜಾಗಕ್ಕೆ ಗ್ರೀಸ್ ಹಚ್ಚಿ. ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ನೀರು ಕೋಆಕ್ಸ್ (ಆಂಟೆನಾ ಕೇಬಲ್) ಜಾಲರಿ ಹಿಡಿದು ಒಳಗಿಳಿದು ತಾಮ್ರ ಕಪ್ಪಾಗುತ್ತದೆ.

ಮಲ್ಪೆ_ಅಲೆ:
ಕರಾವಳಿಗೆ ಸುದ್ದಿ ಮುಟ್ಟಿಸಲು 891 ನಂತರ ತಗೊಳ್ಳಿ, ಪವರ್ ನಿಮ್ಮ ಗ್ರೇಡಿನ ಮಿತಿಗೆ ಇಳಿಸಿ ಇಟ್ಟು. 40 ಮೀಟರ್ ಬ್ಯಾಂಡಿಗೆ ಗಾಡಿಯ ಕಡ್ಡಿ ನಂಬಬೇಡಿ, ಕೊಟ್ಟ ಶಕ್ತಿಯ ಬಹುಪಾಲು ಕಡ್ಡಿಯ ಕಾಯಿಲು (ಸುತ್ತಿದ ತಂತಿ), ನೆಲ ಎರಡರಲ್ಲೂ ಬಿಸಿಯಾಗಿ ಹೋಗುತ್ತದೆ. ಗಾಡಿ ನಿಲ್ಲಿಸಿ ಡೈಪೋಲ್ ಕಟ್ಟಿ: ಒಂದು ಬದಿಗೆ 10 ಮೀಟರಿನಂತೆ ಎರಡು ತುಂಡು ತಂತಿ, ಮರಕ್ಕೆ 3-4 ಮೀಟರ್ ಎತ್ತರದಲ್ಲಿ. ತಗ್ಗಿನಲ್ಲಿದ್ದಷ್ಟೂ ಅಲೆ ನೆತ್ತಿಗೆ ಏರಿ, ವಾಯುಮಂಡಲದ ಮೇಲ್ಪದರಕ್ಕೆ ಬಡಿದು ಮೇಲಿಂದ ಇಳಿಯುತ್ತದೆ, ಘಟ್ಟ ಅಡ್ಡ ಬರುವುದಿಲ್ಲ. ಹಗಲಿಗೆ ಉಡುಪಿ, ಮಂಗಳೂರು ಆರಾಮವಾಗಿ ಸಿಗುತ್ತದೆ. ನಡುರಾತ್ರಿ ಕಳೆದ ಮೇಲೆ ಹೆಚ್ಚಾಗಿ ಹತ್ತಿರದವರು ಮಾಯವಾಗಿ ದೂರದವರೇ ಕೇಳಿಸುತ್ತಾರೆ. ಹಾಗಾಗಿ ಊರಲ್ಲಿ ಕೇಳುತ್ತಾ ಕೂರುವವರ ಹತ್ತಿರ ಸಮಯ, ಫ್ರೀಕ್ವೆನ್ಸಿ ಎರಡನ್ನೂ ಹೊರಡುವ ಮೊದಲೇ ಬರೆಸಿ ಕೊಟ್ಟುಬಿಡಿ.