ವಾಚಿನ ಜ್ಯುವೆಲ್: ರತ್ನವೇ, ಹರಳೇ, ಕಲ್ಲೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಳೆಯ ಪಾಕೆಟ್ ವಾಚುಗಳ ರಿಪೇರಿಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಈಗ ಕೈಯಲ್ಲಿರುವ ಅಧ್ಯಾಯದ ವಾಚು ಅಮೆರಿಕದ ವಾಲ್ತಮ್, 15 ಜ್ಯುವೆಲ್‌ನದು. ಅತ್ತಿತ್ತ ಆಡಿ ವಾಚಿಗೆ ತಾಳ ಕೊಡುವ ಬ್ಯಾಲೆನ್ಸ್ ಚಕ್ರದ ಮೇಲ್ತುದಿಯ ಜ್ಯುವೆಲ್ ಬಿರುಕು ಬಿಟ್ಟಿದೆ, ಬದಲಾಯಿಸಬೇಕು. ಕರಡಿನಲ್ಲಿ ಇದು "15 ರತ್ನಖಚಿತ ಗಡಿಯಾರ" ಎಂದೂ "ಒಡೆದ ಆಭರಣವನ್ನು ತೆಗೆದು ಹೊಸ ಆಭರಣ ಹಾಕಿ" ಎಂದೂ ಬಂದಿದೆ. ಓದಿದರೆ ಕಿವಿಗೆ ಕಟುವಾಗಿದೆ. ಜ್ಯುವೆಲ್‌ಗೆ ಯಾವ ಪದ ಸರಿ? ಅದನ್ನು ತೆಗೆಯುವುದಕ್ಕೂ ಕೂರಿಸುವುದಕ್ಕೂ ಏನು ಹೇಳಬೇಕು? ಒಂದು ಕಡೆ "ಘರ್ಷಣಾ ರತ್ನ" ಎಂದೂ ಇದೆ, ಅದರ ಅರ್ಥವೇನು? ಹರಳು ಕೂತಿರುವ ಆ ಸಣ್ಣ ಹಿತ್ತಾಳೆ ಬಳೆಗೆ ಏನೆನ್ನುವುದು?

ಉತ್ತರ 1

ಆಭರಣ ಖಂಡಿತ ಬೇಡ. ಆಭರಣವೆಂದರೆ ಮೈಮೇಲೆ ತೊಡುವಂಥದ್ದು. ರತ್ನಖಚಿತ ಎಂದ ಕೂಡಲೇ ಓದುವವರ ಕಣ್ಣಿಗೆ ಬರುವುದು ಡಯಲಿನ ಸುತ್ತ ವಜ್ರ ಜಡಿದ ವಾಚು. ಇಲ್ಲಿರುವುದು ಒಳಗೆ ಯಾರಿಗೂ ಕಾಣದೆ ಕೂತು ಚಕ್ರದ ಅಚ್ಚಿನ ಮೊನೆಯನ್ನು ಹೊರುವ ಪುಟ್ಟ ತೂತುಬಿಲ್ಲೆ. ಹಳೆಯ ಮನೆಗಳ ಬಾಗಿಲು ಕಲ್ಲಿನ ಕುಳಿಯಲ್ಲಿ ಮೊನೆಯೂರಿ ತಿರುಗುತ್ತಿತ್ತಲ್ಲ, ಕೆಲಸ ಅದೇ. ಹಿತ್ತಾಳೆಯ ತೂತಾದರೆ ಉಕ್ಕಿನ ಮೊನೆ ತಿರುಗಿ ತಿರುಗಿ ಅಂಡಾಕಾರಕ್ಕೆ ಸವೆಯುತ್ತದೆ. ಮಾಣಿಕ್ಯದ ಗಡಸುತನ ಮೋಸ್ ಅಳತೆಯಲ್ಲಿ 9, ಅದು ಸವೆಯುವುದು ಬಲು ನಿಧಾನ. ಸ್ವಿಸ್ ಗಣಿತಜ್ಞ ನಿಕೋಲಾ ಫಾಸಿಯೋ ಮತ್ತು ಡೆಬೊಫ್ರ್ ಮನೆತನದ ಗಡಿಯಾರದವರು ಲಂಡನ್ನಿನಲ್ಲಿ 1704ರಲ್ಲಿ ಪೇಟೆಂಟ್ ಪಡೆದದ್ದು ಇದೇ ಉಪಾಯಕ್ಕೆ. 1902ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ವೆರ್ನುಯಿ ಕೃತಕ ಮಾಣಿಕ್ಯ ಮಾಡುವ ವಿಧಾನ ಪ್ರಕಟಿಸಿದ ಮೇಲೆ ಕಲ್ಲು ಅಗ್ಗವಾಯಿತು. ಹಾಗಾಗಿ ಜ್ಯುವೆಲ್ ಹೆಚ್ಚಿದ್ದರೆ ವಾಚಿನ ಕಲ್ಲಿಗೇ ಬೆಲೆ ಎಂದು ತಿಳಿಯುವುದೂ ತಪ್ಪು.

ನನ್ನ ಆಯ್ಕೆ ಹರಳು. ಹರಳುಂಗುರ ಎಂಬ ಮಾತು ಎಲ್ಲರಿಗೂ ಗೊತ್ತು, ಚಿಕ್ಕದು ಎಂಬ ಭಾವ ಪದದಲ್ಲೇ ಇದೆ, ಬೆಲೆಯ ಜಂಬವಿಲ್ಲ. ಮಾಣಿಕ್ಯ ಎಂದು ಬರೆದರೆ ಎಲ್ಲ ಕಡೆ ಸರಿಹೋಗದು, ಹಳೆಯ ವಾಚುಗಳಲ್ಲಿ ಗಾರ್ನೆಟ್, ನೀಲ ಕೂಡ ಇರುತ್ತವೆ. ಮಾಣಿಕ್ಯ, ನೀಲ ಎರಡೂ ಕೊರಂಡಮ್ ಜಾತಿಯವು. ಕೊರಂಡಮ್ ಎಂಬ ಹೆಸರು ಇಂಗ್ಲಿಷಿಗೆ ಹೋದದ್ದೇ ತಮಿಳಿನ ಕುರುಂದದಿಂದ, ನಮ್ಮ ಕುರುವಿಂದವೂ ಅದರ ನಂಟೇ.

ಹರಳಿನ ಮುಂದೆ ಕೆಲಸದ ಹೆಸರು ಸೇರಿಸಿದರೆ ಜಾತಿ ತಿಳಿಯುತ್ತದೆ. ಮೊನೆ ಹಾಯುವುದು ತೂತುಹರಳು. ಬ್ಯಾಲೆನ್ಸಿನಲ್ಲಿ ಅದರ ಬೆನ್ನಿಗೇ ತೂತಿಲ್ಲದ ಇನ್ನೊಂದು ಕೂತು ಮೊನೆಯ ತುದಿಯನ್ನು ತಡೆಯುತ್ತದೆ, ಅದು ಮುಚ್ಚುಹರಳು. ಬಳೆಗೆ ಮನೆ ಎನ್ನಿ. ಪಗಡೆ, ಚೌಕಾಬಾರದಲ್ಲಿ ಕಾಯಿ ಕೂರುವ ಜಾಗವೂ ಮನೆಯೇ. ಹರಳಿನ ಮನೆ ಎಂದರೆ ವಿವರಣೆಯೇ ಬೇಡ.

ಕ್ರಿಯಾಪದದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹರಳು ಕೂತಿರುವ ರೀತಿ ಬೇರೆಯಾದರೆ ಕೈಕೆಲಸ ಬೇರೆ, ಪದವೂ ಬೇರೆಯಾಗಬೇಕು. ಎಲ್ಲದಕ್ಕೂ "ತೆಗೆಯಿರಿ" ಎಂದು ಬರೆದರೆ ಓದಿದವನು ಚಿಮಟದಲ್ಲಿ ಕೀಳಲು ಹೋಗಿ ಮನೆಯನ್ನೇ ಹಾಳುಮಾಡುತ್ತಾನೆ.

ನಿಮ್ಮ ವಾಲ್ತಮ್‌ನಂಥ 19ನೇ ಶತಮಾನದ ವಾಚಿನಲ್ಲಿ ಹರಳು ಕೂತಿರುವುದು ಅಂಚು ಮಡಿಸಿ. ಮನೆಯೊಳಗೆ ಮೆಟ್ಟಿಲಿನಂತೆ ಕೊರೆದು, ಹರಳನ್ನು ಅದರ ಮೇಲಿಟ್ಟು, ಸುತ್ತಲಿನ ಕಾಗದದಷ್ಟು ತೆಳುವಾದ ಲೋಹದ ಅಂಚನ್ನು ಹರಳಿನ ಮೇಲಕ್ಕೆ ಉಜ್ಜಿ ಮಡಿಸಿರುತ್ತಾರೆ. ಮೊದಲು ಮನೆಯ ಎರಡು ಸ್ಕ್ರೂ ಬಿಚ್ಚಿ. ಮನೆಗೂ ಅದು ಕೂರುವ ಸೇತುವೆಗೂ (ಬ್ಯಾಲೆನ್ಸನ್ನು ಮೇಲಿನಿಂದ ಹಿಡಿಯುವ ಲೋಹದ ಪಟ್ಟಿ) ಸೇರುವಲ್ಲಿ ಸೂಜಿಯಲ್ಲಿ ಗುರುತು ಗೀರಬೇಡಿ, ಹಳೆಯ ಚುಕ್ಕಿ ಇದ್ದರೆ ನೋಡಿಟ್ಟುಕೊಳ್ಳಿ, ಇಲ್ಲದಿದ್ದರೆ ಫೋಟೋ ತೆಗೆಯಿರಿ. ಮನೆ ಬಂದದ್ದು ಬಂದ ಹಾಗೇ ಹಿಂದಕ್ಕೆ ಕೂರಬೇಕು. ಆಮೇಲೆ ಎರಡು ಕವಲಿನ ಅಂಚೆಬ್ಬಿಸುವ ಉಪಕರಣವನ್ನು ಅಂಚಿನ ಒಳಗಿಟ್ಟು, ಸ್ಕ್ರೂ ತಿರುಗಿಸಿ ಕವಲನ್ನು ಕೂದಲೆಳೆಯಷ್ಟು ಅಗಲಿಸಿ, ಬೆರಳಲ್ಲಿ ಹೊರಳಿಸುತ್ತ ಅಂಚನ್ನು ಸುತ್ತಲೂ ಒಂದೇ ಸಮ ಎಬ್ಬಿಸಬೇಕು. ಮತ್ತೆ ಸ್ವಲ್ಪ ಅಗಲಿಸಿ, ಮತ್ತೆ ಒಂದು ಸುತ್ತು. ಅಂಚು ನೇರವಾದ ಮೇಲೆ ಹಿಂದಿನಿಂದ ಮರದ ಕಡ್ಡಿಯಲ್ಲಿ ಮೆಲ್ಲಗೆ ನೂಕಿದರೆ ಹರಳು ತಾನೇ ಕೈಗೆ ಬೀಳುತ್ತದೆ. ಇದಕ್ಕೆ ಪದ ಬಿಡಿಸುವುದು. ಗಂಟು ಬಿಡಿಸಿದಂತೆ ಇಲ್ಲೂ ಅಂಚು ಬಿಡಿಸುತ್ತೇವೆ. ಹೊಸದನ್ನಿಟ್ಟು ಅಂಚನ್ನು ಮಡಿಸುವುದು. ಹಿತ್ತಾಳೆ ಬಾಗಿದಷ್ಟೂ ಗಡಸಾಗುತ್ತದೆ, ಒಂದೆರಡು ಸಲ ಬಿಡಿಸಿ ಮಡಿಸಿದರೆ ಅಂಚೇ ಸೀಳಿಬರುತ್ತದೆ. ಆದ್ದರಿಂದ ಬದಲಿ ಹರಳನ್ನು ಅಳೆದು ಕೈಯಲ್ಲಿಟ್ಟುಕೊಂಡೇ ಬಿಡಿಸಲು ಕೂರಬೇಕು.

ಅಳತೆ ಮೂರು: ಹೊರಸುತ್ತಿನ ಅಗಲ, ದಪ್ಪ, ತೂತು. ಮೊನೆ 0.12 ಮಿ.ಮೀ. ಇದ್ದರೆ ತೂತು 0.13 ಇರಲಿ. ಇನ್ನೂ ದೊಡ್ಡದಾದರೆ ಚಕ್ರ ಓಲಾಡಿ, ವಾಚನ್ನು ಮಲಗಿಸಿದಾಗ ಒಂದು ವೇಗ, ನಿಲ್ಲಿಸಿದಾಗ ಇನ್ನೊಂದು. ದಪ್ಪ ಹೆಚ್ಚಾದರೆ ಮಡಿಸಲು ಅಂಚೇ ಸಿಗದು. ಉಳಿದ ಚಕ್ರಗಳ ಹರಳಿನಲ್ಲಿ, ಎಣ್ಣೆ ನಿಲ್ಲುವ ಬಟ್ಟಲಿನಂಥ ತಗ್ಗಿನ ಮುಖ ಚಕ್ರದ ಕಡೆಗಲ್ಲ, ಹೊರಕ್ಕೆ. ಬ್ಯಾಲೆನ್ಸಿನ ತೂತುಹರಳಿನಲ್ಲಿ ಉಬ್ಬಿದ ಮುಖ ಮುಚ್ಚುಹರಳಿನ ಕಡೆಗೆ. ಆ ಎರಡರ ನಡುವಿನ ಸಣ್ಣ ಸಂದಿನಲ್ಲೇ ಎಣ್ಣೆ ನಿಲ್ಲುವುದು.

ನೀವು ಕೇಳಿದ "ಘರ್ಷಣಾ ರತ್ನ" ಎಂದರೆ ಅಂಚಿಲ್ಲದೆ ಬರೀ ಬಿಗಿಯಿಂದ ನಿಲ್ಲುವ ಹರಳು. ಘರ್ಷಣೆ ಎಂದರೆ ತಿರುಗುವಾಗಿನ ತಿಕ್ಕಾಟ ಎಂದು ಅರ್ಥವಾಗಿಬಿಡುತ್ತದೆ, ಹರಳಿರುವುದೇ ಆ ತಿಕ್ಕಾಟ ತಗ್ಗಿಸಲು! ಒತ್ತುಹರಳು ಎನ್ನಿ. ಸ್ವಿಟ್ಜರ್ಲೆಂಡಿನ ಸೈಟ್ಸ್ ಉಪಕರಣದಲ್ಲಿ ಲೆಕ್ಕ ಸುಲಭ: 1.40 ಮಿ.ಮೀ. ಹರಳಿಗೆ 1.39ರ ರೀಮರ್ (ತೂತನ್ನು ಅಳತೆಗೆ ಹಿಗ್ಗಿಸುವ ಉಪಕರಣ). ಆ 0.01 ಮಿ.ಮೀ. ಬಿಗಿಯೇ ಅದನ್ನು ಹಿಡಿದಿಡುತ್ತದೆ. ಸುತ್ತಿಗೆಯಲ್ಲಿ ಬಡಿದರೆ ಹರಳು ಸೀಳುತ್ತದೆ, ಉಪಕರಣದ ಸನ್ನೆಗೋಲು ಹಿಡಿದು ಒತ್ತಬೇಕು. ರೀಮರ್ ವಾಲಿದರೆ ಹರಳೂ ವಾಲಿ ಮೊನೆ ಹಿಡಿದುಕೊಳ್ಳುತ್ತದೆ. ತೆಗೆಯುವಾಗ ಹಿಂದಿನಿಂದ ನೂಕುವುದು. ಅಂಚು ಪೂರ್ತಿ ಹೋದ ಹಳೆಯ ವಾಚಿಗೆ ಮಾತ್ರ ಈ ದಾರಿ, ಅದೂ ಮನೆಯನ್ನು ರೀಮ್ ಮಾಡಿ, ಚಕ್ರಗಳೆಲ್ಲ ಕೂರುವ ಪ್ಲೇಟನ್ನಲ್ಲ. ಮನೆ ಹಾಳಾದರೆ ಇನ್ನೊಂದು ಮಾಡಬಹುದು, ನೂರು ವರ್ಷದ ಪ್ಲೇಟಿಗೆ ಬದಲಿಯಿಲ್ಲ.

ಬಿರುಕಿಗೂ ಒಂದು ಮಾತು. 10 ಪಟ್ಟಿನ ಲೂಪ್‌ನಲ್ಲಿ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ನೋಡುತ್ತ ಬೆಳಕನ್ನು ಓರೆಯಾಗಿ ಬಿಟ್ಟರೆ ತೂತಿನಿಂದ ಹೊರಟ ಬಿಳಿ ಗೆರೆ ಮಿಂಚುತ್ತದೆ. ಆ ಗೆರೆಯ ಅಂಚು ಅರದಂತೆ ಮೊನೆಯನ್ನು ಸವೆಸಿ, ಎಣ್ಣೆಯನ್ನು ಕಪ್ಪು ಮಾಡಿರುತ್ತದೆ. ಹರಳು ಬದಲಾಯಿಸಿ ಮೊನೆಗೆ ಒಪ್ಪ ಹಾಕದೆ ಬಿಟ್ಟರೆ ಕೆಲಸ ಅರ್ಧವೇ.

ಉತ್ತರ 2

ಹರಳು, ಮನೆ, ಬಿಡಿಸು, ಒತ್ತು ಎಲ್ಲಕ್ಕೂ ಒಪ್ಪಿಗೆ. ಆದರೆ ಎಣಿಕೆಗೆ ಕಲ್ಲು ಎನ್ನುವುದೇ ಕನ್ನಡದ ಜಾಯಮಾನ. ಏಳು ಕಲ್ಲಿನ ಓಲೆ ಎನ್ನುವ ಬಾಯಿಗೆ ಏಳು ಕಲ್ಲಿನ ವಾಚು ಸಲೀಸು. ಬೆಂಗಳೂರಿನ ಎಚ್‌ಎಂಟಿ ಜನತಾ ನೋಡಿದವರಿಗೆ "17 ಜ್ಯುವೆಲ್ಸ್" ಪರಿಚಯವೇ, "17 ಕಲ್ಲಿನ ವಾಚು" ಎಂದರೆ ತಟ್ಟನೆ ಹೊಂದುತ್ತದೆ. ಏಳು ಹೇಗೆ ಎಂಬುದನ್ನೂ ಬರೆಯಿರಿ: ಬ್ಯಾಲೆನ್ಸಿಗೆ ತೂತುಹರಳು ಎರಡು, ಮುಚ್ಚುಹರಳು ಎರಡು, ಪ್ಯಾಲೆಟ್ (ಎಸ್ಕೇಪ್ ಚಕ್ರವನ್ನು ಹಲ್ಲು ಹಲ್ಲಾಗಿ ತಡೆದು ಬಿಡುವ ಕವಲು) ಕಲ್ಲು ಎರಡು, ರೋಲರ್ (ಬ್ಯಾಲೆನ್ಸ್ ಅಚ್ಚಿನ ಮೇಲಿನ ಪುಟ್ಟ ಬಿಲ್ಲೆ) ಕಲ್ಲು ಒಂದು. ಪ್ಯಾಲೆಟ್ ಅಚ್ಚು, ಎಸ್ಕೇಪ್, ನಾಲ್ಕನೇ, ಮೂರನೇ ಚಕ್ರಗಳಿಗೆ ಎರಡೆರಡು ಸೇರಿದರೆ ನಿಮ್ಮ 15. ನಡುಚಕ್ರಕ್ಕೂ ಎರಡು ಕೊಟ್ಟರೆ 17.

ಪ್ಯಾಲೆಟ್ ಮತ್ತು ರೋಲರ್ ಕಲ್ಲುಗಳಿಗೆ ಬಿಡಿಸು, ಒತ್ತು ಎರಡೂ ಹೊಂದವು. ಅವು ಅಂಟಿನಲ್ಲಿ ನಿಂತಿರುತ್ತವೆ. ಕರಡಿನಲ್ಲಿ ಷೆಲ್ಯಾಕ್ ಎಂದು ಬಿಟ್ಟಿದ್ದರೆ ಅರಗು ಎಂದು ತಿದ್ದಿ, ಶುದ್ಧಮಾಡಿದ ಅರಗೇ ಅದು. ನಮ್ಮ ಅಕ್ಕಸಾಲಿಗರು ಒಡವೆಯನ್ನು ಅಲುಗದಂತೆ ಹಿಡಿಸಿ ಕೆಲಸ ಮಾಡುವುದೂ ಅರಗಿನ ಮೇಲೆಯೇ. ಕಲ್ಲನ್ನು ಅರಗಿನಲ್ಲಿ ಕೂರಿಸುವುದು, ಅರಗು ಕರಗಿಸಿ ತೆಗೆಯುವುದು ಎಂದರಾಯಿತು. ಹಿತ್ತಾಳೆ ತಟ್ಟೆಯ ಮೇಲಿಟ್ಟು ಕೆಳಗಿನಿಂದ ಬಿಸಿ ಕೊಡಬೇಕು, ಅರಗಿನ ಚೂರು ಹೊಳೆದು ಹರಿದ ಕೂಡಲೇ ನಿಲ್ಲಿಸಬೇಕು. ಗುಳ್ಳೆ ಎದ್ದರೆ ಅರಗು ಸುಟ್ಟಿತು, ಹಿಡಿತವಿಲ್ಲ. ಕೆರೆದು ಮತ್ತೆ ಹಾಕಬೇಕು. ರೋಲರ್ ಕಲ್ಲು ನೆಟ್ಟಗೆ ನಿಂತಿದೆಯೇ ಎಂದು ಅರಗು ಮೆತ್ತಗಿರುವಾಗಲೇ ನೋಡಿ, ವಾಲಿದರೆ ಪ್ಯಾಲೆಟ್ ಕವಲಿಗೆ ತಾಗಿ ವಾಚು ನಿಲ್ಲುತ್ತದೆ.

ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ತೊಳೆಯುವ ಭಾಗದಲ್ಲಿ "ಬಿಡಿಭಾಗಗಳನ್ನೆಲ್ಲ ಸ್ಪಿರಿಟ್‌ನಲ್ಲಿ ನೆನೆಸಿಡಿ" ಎಂದು ಬಂದಿದ್ದರೆ, ದಯವಿಟ್ಟು ಅಲ್ಲಿ "ಪ್ಯಾಲೆಟ್ ಮತ್ತು ರೋಲರ್ ಬಿಟ್ಟು" ಎಂದು ಸೇರಿಸಿ.